ಎರಡು ಗುಂಡಿಗೆ ಗುರಿ ಬೇಡ

ಅಂಕಲ್ ಅವರ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ರೆಪ್ಪೆ ಜೋತುಬಿದ್ದದ್ದಲ್ಲ. ಮೂವತ್ತು ವರ್ಷ ಕೋವಿಯ ನಳಿಗೆಯ ಮೇಲಿನಿಂದ ನೋಡಿ ನೋಡಿ ಆ ಕಣ್ಣಿಗೆ ಪೂರ್ತಿ ತೆರೆಯುವ ಅಭ್ಯಾಸವೇ ತಪ್ಪಿಹೋಗಿತ್ತು. ಗೋಡೆಯ ಪಟ ಸೊಟ್ಟಗಿದೆಯೇ ಎಂದು ನೋಡುವಾಗಲೂ, ನನ್ನ ಗಂಡನ ಟೈ ಸರಿಯಿಲ್ಲ ಎಂದು ಹೇಳುವಾಗಲೂ ಅದೇ ನೋಟ. ಮದುವೆಯಾಗಿ ಮೈಸೂರಿನಿಂದ ಅಮೆರಿಕದ ಪಾರ್ಸಿಪನಿ ಊರಿಗೆ ಬಂದಿಳಿದ ದಿನ, ಬಾಗಿಲು ತೆರೆದ ಈ ಮನುಷ್ಯ ನನಗೆ ಕಣ್ಣು ಹೊಡೆದರೆಂದೇ ತಿಳಿದು ಸೆರಗು ಬಿಗಿಹಿಡಿದು ಗಂಡನ ಹಿಂದೆ ಸರಿದಿದ್ದೆ. ನನ್ನ ಗಂಡ ಅದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ವಾರವಿಡೀ ನಕ್ಕರು. ಅಂಕಲ್ ಮಾತ್ರ ನಗಲಿಲ್ಲ. ‘ಪಾಪ, ಹೆದರ್ಸಿಬಿಟ್ಟೆ’ ಎಂದು ಒಂದು ಬಟ್ಟಲು ಕಾಫಿ ತಂದುಕೊಟ್ಟರು. ಅದು ನಾನು ಅಮೆರಿಕದಲ್ಲಿ ಕುಡಿದ ಮೊದಲ ಕಾಫಿ. ಬೆಲ್ಲ ಹಾಕಿದ್ದರು.

ನಾವು ಮೇಲಿನ ಅಂತಸ್ತಿನ ಬಾಡಿಗೆದಾರರು, ಅವರು ಮನೆಯ ಯಜಮಾನರು. ನಮಗೆ ಅವರು ಕೆಳಮನೆಯ ಅಂಕಲ್. ಮಡಿಕೇರಿ ಕಡೆಯ ಕೊಡವರು, ನಮ್ಮ ದೇಶದ ಸೈನ್ಯದಲ್ಲಿ ಕೋವಿ ರಿಪೇರಿ ಮಾಡುತ್ತಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಮಗನನ್ನು ಕರೆದುಕೊಂಡು ಇಲ್ಲಿಯ ಕಾರ್ಖಾನೆಯೊಂದರ ಟೂಲ್ ರೂಮಿಗೆ ಬಂದಿದ್ದರು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬೆರಳಲ್ಲೇ ಹೇಳುತ್ತಾರೆಂದು ಅಲ್ಲಿಯ ಅಮೆರಿಕನ್ನರು ಅವರನ್ನು ಕಂಡರೆ ತಲೆಬಾಗುತ್ತಿದ್ದರಂತೆ. ಮನೆಯಲ್ಲಿ ಮಾತ್ರ ಅನ್ನ ಸೀಯಿಸದೆ ಬೇಯಿಸಲು ಬರುತ್ತಿರಲಿಲ್ಲ. ಸೀದ ವಾಸನೆ ಮೇಲಕ್ಕೆ ಬಂದರೆ ನಾನು ಸಾರಿನ ಪಾತ್ರೆ ಹಿಡಿದು ಇಳಿಯುತ್ತಿದ್ದೆ.

ಮಗನಿಗೆ ಆಗ ಹತ್ತೊಂಬತ್ತು ವರ್ಷ. ಮೂಗು ಅಪ್ಪನದೇ, ಕಣ್ಣು ಮಾತ್ರ ಎರಡೂ ಅಗಲ. ನನ್ನನ್ನು ಅಕ್ಕ ಎನ್ನುತ್ತಿದ್ದ. ಅವನು ಹುಟ್ಟಿದಾಗ ಅಂಗಳದಲ್ಲಿ ನಿಂತು ತಾವೇ ಒಂದು ಗುಂಡು ಹಾರಿಸಿದ್ದನ್ನು ಅಂಕಲ್ ನೂರು ಸಲ ಹೇಳಿದ್ದರು. ‘ನಮ್ಮಲ್ಲಿ ಗಂಡು ಹುಟ್ಟಿದ್ರೆ ಒಂದು ಗುಂಡು, ಯಾರಾದ್ರೂ ಸತ್ರೆ ಎರಡು. ಊರಿಗೆ ಬೇರೆ ಕಾಗದ ಬರೀಬೇಕಿಲ್ಲ.’

ಅರವತ್ತೊಂಬತ್ತರ ಬೇಸಿಗೆಯಲ್ಲಿ ಕಾಗದ ಬಂತು. ಹುಡುಗ ಅಮೆರಿಕದ ಸೈನ್ಯಕ್ಕೆ ಸೇರಬೇಕು, ಅಂದರೆ ವಿಯೆಟ್ನಾಮಿಗೆ ಹೋಗಬೇಕು. ಈ ದೇಶದ ಪ್ರಜೆಯಲ್ಲ, ಬರೀ ಗ್ರೀನ್ ಕಾರ್ಡಿನವನು. ಆದರೂ ಕಾನೂನು ಬಿಡುತ್ತಿರಲಿಲ್ಲ. ನನ್ನ ಗಂಡ ಮೆತ್ತಗೆ, ‘ಊರಿಗೆ ಕಳಿಸಿಬಿಡಿ ಅಂಕಲ್’ ಎಂದರು. ಅಂಕಲ್ ಎಡಗಣ್ಣನ್ನು ಇನ್ನಷ್ಟು ಕಿರಿದು ಮಾಡಿ, ‘ಉಪ್ಪು ತಿಂದ ಮನೆಗೆ ಎರಡು ಬಗೀಬಾರ್ದು. ಕೊಡವನ ಮಗ ಕಾಗದ ನೋಡಿ ಓಡಿಹೋದ ಅನ್ನಿಸ್ಕೊಳ್ಳೋದಾ?’ ಎಂದರು. ಅಲ್ಲಿಗೆ ಮಾತು ಮುಗಿಯಿತು.

ಆ ದಿನಗಳಲ್ಲೇ ಅವರು ಪೊಲೀಸರಿಂದ ಕೋವಿಯ ಪರವಾನಗಿ ಕಾರ್ಡು ಮಾಡಿಸಿಕೊಂಡು ಒಂದು ಹಳೆಯ ರೈಫಲ್ ತಂದರು. ಸೆಪ್ಟೆಂಬರಿನಲ್ಲಿ ಕೊಡವರಿಗೆ ಕೈಲ್‌ಪೊಳ್ದ್, ಆಯುಧಗಳನ್ನು ಪೂಜಿಸುವ ಹಬ್ಬ. ಹೋಗುವ ಮುಂಚೆ ಮಗ ಕೋವಿಗೆ ಗಂಧ ಹಚ್ಚಿ ಕೈಮುಗಿಯಬೇಕು ಎನ್ನುವುದು ಅವರ ಆಸೆ. ಆದರೆ ಆ ರೈಫಲ್ಲಿನ ನಳಿಗೆಯ ತುದಿ ಬೋಳಾಗಿತ್ತು. ಗುರಿ ಹಿಡಿಯಲು ಅಲ್ಲಿ ಉಕ್ಕಿನ ಒಂದು ಪುಟ್ಟ ಮೊಳಕೆ ಇರಬೇಕು, ಫ್ರಂಟ್ ಸೈಟ್ ಎನ್ನುತ್ತಾರೆ. ಹಳೆಯ ಮಾಲೀಕನ ಕಾಲದಲ್ಲೇ ಅದು ಕಿತ್ತುಹೋಗಿತ್ತು. ‘ಕುರುಡು ಕೋವಿಗೆ ಪೂಜೆ ಮಾಡೋದಾ!’ ಎಂದು ಅಂಕಲ್ ನೆಲದಡಿಯ ಬೇಸ್‌ಮೆಂಟಿನಲ್ಲಿ ಒಂದು ಉಕ್ಕಿನ ತುಂಡನ್ನು ಅರದಿಂದ ತಿಕ್ಕುತ್ತಾ ಕೂತರು. ಹದಿನೈದು ದಿನ ನಮ್ಮ ಅಡುಗೆಮನೆಯ ನೆಲದಡಿ ಆ ಕಿರ್ ಕಿರ್ ಸದ್ದು. ತುಂಡು ಕೊನೆಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾಯಿತು.

ನೋಡಲು ಹೋದರೆ ಪಾಠ ಶುರು. ‘ಗುಂಡು ಎಡಕ್ಕೆ ಹೋಗ್ತಿದೆ ಅನ್ನು. ಮುಂದಿನ ಸೈಟನ್ನ ಯಾವ ಕಡೆ ಸರಿಸ್ಬೇಕು?’ ನಾನು ಬಲಕ್ಕೆ ಎಂದೆ. ‘ಎಲ್ಲರೂ ಹಾಗೇ ಅಂತಾರೆ. ಎಡಕ್ಕೇ ಸರಿಸ್ಬೇಕು ಅಮ್ಮ. ತಪ್ಪಿದ ಕಡೆಗೇ ಹೋಗ್ಬೇಕು, ಆವಾಗ್ಲೇ ಸರಿಹೋಗೋದು.’ ಯಾಕೆ ಹಾಗೆ ಎಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಬಿ.ಎ. ಇತಿಹಾಸದವಳ ತಲೆಗೆ ಅದು ಹತ್ತಲಿಲ್ಲ, ಹೂಂಗುಟ್ಟಿದೆ.

ಹಬ್ಬದ ಹಿಂದಿನ ದಿನ ಭಾನುವಾರ. ಸಂಜೆ ನಾಲ್ಕೂವರೆಗೆ ಹುಡುಗ ಮೇಲೆ ಬಂದ. ಕೂರಲಿಲ್ಲ.

‘ಅಕ್ಕಾ, ಐ ಡೋಂಟ್ ವಾಂಟ್ ಟು ಗೋ. ಐದು ಗಂಟೆಗೆ ಫ್ರೆಂಡ್ ಕಾರ್ ತರ್ತಾನೆ. ಮಾಂಟ್ರಿಯಲ್‌ಗೆ ಡ್ರೈವ್ ಮಾಡಿದ್ರೆ ಆರೇ ಗಂಟೆ, ಕೆನಡಾದಲ್ಲಿ ಯಾರೂ ಹಿಡಿಯಲ್ಲ. ಆದ್ರೆ ಅಪ್ಪ ಹೂಂ ಅನ್ನದೆ ನಾನು ಕಾರ್ ಹತ್ತಲ್ಲ. ನೀವು ಕೇಳಿ. ನೀವು ಹೇಳಿದ್ರೆ ಕೇಳ್ತಾರೆ.’

ಏನು ಹೇಳಬೇಕೆಂದು ಬಾಯಲ್ಲೇ ಮೂರು ಸಲ ಹೇಳಿಕೊಂಡು ಬೇಸ್‌ಮೆಂಟಿಗೆ ಇಳಿದೆ. ಹುಡುಗ ಮೆಟ್ಟಿಲ ಮೇಲೆಯೇ ನಿಂತ. ಅಂಕಲ್ ನಳಿಗೆಯನ್ನು ಮೇಜಿಗೆ ಬಿಗಿದ ಕಬ್ಬಿಣದ ಹಿಡಿಕೆ ವೈಸಿಗೆ ಕಚ್ಚಿಸಿ, ತುದಿಯನ್ನು ಎಮರಿ ಕಾಗದದಲ್ಲಿ ಬೆಳ್ಳಗೆ ಉಜ್ಜಿ, ಗ್ಯಾಸಿನ ಉರಿಯಲ್ಲಿ ತವರ ಕರಗಿಸಿ ಸೈಟನ್ನು ಆಗತಾನೇ ಕೂರಿಸಿದ್ದರು. ಆಚೆ ಗೋಡೆಯ ಮುಂದೆ, ಸೂರಿನಿಂದ ಒಂದು ದಾರ ಇಳಿಬಿಟ್ಟು ಭಾರಕ್ಕೆ ನಟ್ಟು ಕಟ್ಟಿದ್ದರು. ಹಿಂದಿನಿಂದ ನೋಡಿದಾಗ ಸೈಟ್ ಆ ದಾರಕ್ಕೆ ಸರಿಯಾಗಿ ನಿಂತರೆ ನೇರ ಎಂದು ಅರ್ಥ.

‘ಅಂಕಲ್—’ ಎಂದೆ.

‘ಈಗ ಮಾತಾಡ್ಬೇಡ ಅಮ್ಮ. ತವರ ಹಿಡೀತಾ ಇದೆ. ಉಸಿರು ಬಿಟ್ರೂ ಅಲುಗುತ್ತೆ. ಆ ದೀಪ ಹಿಡ್ಕೊ.’

ನಾನು ದೀಪ ಹಿಡಿದು ನಿಂತೆ. ಅವರು ಬಗ್ಗಿ ನೋಡಿದರು, ನೋಡುತ್ತಲೇ ಇದ್ದರು. ದೀಪವನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ. ಈಗ ಹೇಳಲೇ, ಈಗ ಹೇಳಲೇ ಎಂದುಕೊಳ್ಳುತ್ತಾ ಬಾಯಿ ಕಟ್ಟಿ ನಿಂತೆ. ಮೇಲೆ ಬೀದಿಯಲ್ಲಿ ಕಾರಿನ ಹಾರನ್ ಎರಡು ಸಲ ಆಯಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಲ. ಆಮೇಲೆ ಕಾರು ಹೊರಟುಹೋದ ಸದ್ದು. ತಿರುಗಿ ನೋಡಿದರೆ ಮೆಟ್ಟಿಲ ಮೇಲೆ ಹುಡುಗ ಕೂತಿದ್ದ, ತಲೆ ತಗ್ಗಿಸಿ.

ಅಂಕಲ್ ಸೆಟೆದು ನಿಂತು, ‘ಆಯ್ತು. ನೇರ ಇದೆ’ ಎಂದರು.

ಮರುದಿನ ಪಕ್ಕದ ಮನೆಯ ಬೇಲಿಯಿಂದ ಯಾವುದೋ ಕಿತ್ತಳೆ ಬಣ್ಣದ ಹೂ ತಂದು ನಳಿಗೆಯ ಬಾಯಿಗೆ ಸಿಕ್ಕಿಸಿದರು. ಹುಡುಗ ಗಂಧ ಹಚ್ಚಿದ, ಅಪ್ಪನ ಕಾಲಿಗೆ ಬಿದ್ದ. ನನ್ನ ಮುಖ ನೋಡಲಿಲ್ಲ. ಆ ವಾರವೇ ಹೊರಟ.

ಮುಂದಿನ ಜುಲೈನಲ್ಲಿ ಸಮವಸ್ತ್ರದ ಇಬ್ಬರು ಹುಡುಗನ ಸಾವಿನ ಸುದ್ದಿ ಹೊತ್ತು ಬಂದು ಬಾಗಿಲು ತಟ್ಟಿದರು. ಕೆಳಗಿನಿಂದ ಅಳು ಕೇಳಿಸುತ್ತದೆಂದು ಕಾದೆ. ಕೇಳಿಸಲಿಲ್ಲ. ಇಳಿದು ಹೋದಾಗ ಅಂಕಲ್ ಆ ಇಬ್ಬರಿಗೂ ಬೆಲ್ಲದ ಕಾಫಿ ಮಾಡುತ್ತಿದ್ದರು.

ಮಣ್ಣು ಮಾಡುವ ದಿನ ಸೈನಿಕರು ಸಾಲಾಗಿ ನಿಂತು, ಅವರ ಪದ್ಧತಿಯಂತೆ ಒಟ್ಟಿಗೆ ಮೂರು ಸಲ ಗುಂಡು ಹಾರಿಸಿದರು. ಬಾವುಟವನ್ನು ಮಡಿಸಿ ಅಂಕಲ್ ಕೈಗಿಟ್ಟರು. ವಾಪಸು ಬರುವಾಗ ಕಾರಿನಲ್ಲಿ ಅವರು ಆಡಿದ್ದು ಒಂದೇ ಮಾತು. ‘ಸಾವಿಗೆ ಎರಡು ಸಾಕಿತ್ತು. ಹುಟ್ಟಿದಾಗ ನಾನು ಹೊಡೆದಿದ್ದನ್ನೂ ಅವರೇ ಹೊಡೆದುಬಿಟ್ರು.’ ನನ್ನ ಗಂಡ ಕಾರನ್ನು ರಸ್ತೆಬದಿಗೆ ನಿಲ್ಲಿಸಿ ಸ್ಟಿಯರಿಂಗಿಗೆ ತಲೆಯಿಟ್ಟು ಅತ್ತರು. ನಾನೂ ಅತ್ತೆ. ಅಂಕಲ್ ಅಳಲಿಲ್ಲ.

ನನಗೆ ನಿದ್ದೆ ಹತ್ತದಾಯಿತು, ಅನ್ನ ಸೇರದಾಯಿತು. ಒಂದು ತಿಂಗಳಾದ ಮೇಲೆ ಗಟ್ಟಿ ಮನಸ್ಸು ಮಾಡಿ ಬೇಸ್‌ಮೆಂಟಿಗೆ ಹೋಗಿ ಎಲ್ಲ ಹೇಳಿದೆ. ಹುಡುಗ ಮೇಲೆ ಬಂದಿದ್ದು, ಕಾರು, ಕೆನಡಾ, ನಾನು ದೀಪ ಹಿಡಿದು ಬಾಯಿ ಬಿಡದೆ ನಿಂತದ್ದು. ‘ನಾನು ಕೇಳಿದ್ದಿದ್ರೆ ಅವನು ಬದುಕ್ತಿದ್ದ ಅಂಕಲ್’ ಎಂದೆ.

ಅಂಕಲ್ ಒರೆಸುತ್ತಿದ್ದ ನಳಿಗೆಯನ್ನು ಮೇಜಿನ ಮೇಲಿಟ್ಟರು.

‘ನಂಗೆ ಗೊತ್ತಿತ್ತು’ ಎಂದರು. ‘ಅವನು ಮೆಟ್ಟಿಲ ಮೇಲೆ ನಿಂತಿದ್ದು ನೋಡಿದೆ, ನೀನು ಯಾಕೆ ಬಂದೆ ಅಂತ ತಿಳೀತು. ತವರ ಒಂದು ನಿಮಿಷಕ್ಕೆ ಆರುತ್ತೆ ಅಮ್ಮ. ನಿನ್ನನ್ನ ಅರ್ಧ ಗಂಟೆ ನಿಲ್ಲಿಸಿದ್ದು ನಾನು. ನೀನು ಕೇಳಿಬಿಟ್ರೆ ನನ್ನ ಬಾಯಲ್ಲಿ ಹೂಂ ಬಂದುಬಿಡ್ತಿತ್ತು.’

ಆಮೇಲೆ ಗ್ಯಾಸ್ ಹಚ್ಚಿ ನಳಿಗೆಯ ತುದಿಯನ್ನು ಕಾಯಿಸಿದರು. ತವರ ಕರಗಿತು. ಹದಿನೈದು ದಿನ ತಿಕ್ಕಿ ಮಾಡಿದ್ದನ್ನು ಇಕ್ಕಳದಿಂದ ಎತ್ತಿ ಪಕ್ಕಕ್ಕಿಟ್ಟರು. ‘ಇನ್ನು ಇದಕ್ಕಿರೋದು ಒಂದೇ ಕೆಲಸ. ನಾನು ಸತ್ತಾಗ ನಂಗೆ ಎರಡು ಗುಂಡು. ಆಕಾಶಕ್ಕೆ ಹೊಡೆಯೋಕೆ ಗುರಿ ಯಾಕೆ? ನೀನೇ ಹೊಡೀಬೇಕು, ಕಲಿಸಿಕೊಡ್ತೀನಿ.’ ಕಲಿಸಿಯೂ ಕೊಟ್ಟರು. ಮೈಸೂರಿನ ಅಗ್ರಹಾರದ ಹುಡುಗಿ, ನಿಂಬೆಹಣ್ಣು ಕೊಯ್ಯಲೂ ಈಳಿಗೆಗೆ ಹೆದರುತ್ತಿದ್ದವಳು, ಹೆಗಲಿಗೆ ಕೋವಿ ಒತ್ತಿ ನಿಲ್ಲುವುದನ್ನು ಕಲಿತೆ.

ಮುಂದೆ ಏಳು ವರ್ಷ ಅವರು ಬದುಕಿದರು. ಕೆಲಸಕ್ಕೆ ಹೋದರು, ಅನ್ನ ಸೀಯಿಸಿದರು, ನನ್ನ ಮಗಳಿಗೆ ಬುಗುರಿ ಮಾಡಿಕೊಟ್ಟರು. ಕೈಲ್‌ಪೊಳ್ದ್ ಮಾತ್ರ ಮತ್ತೆ ಮಾಡಲಿಲ್ಲ. ಕ್ಷಮಿಸಿದ್ದೇನೆ ಎಂದು ಅವರು ನನಗೆ ಹೇಳಲಿಲ್ಲ, ನಾನೂ ಅವರಿಗೆ ಹೇಳಲಿಲ್ಲ. ಹೃದಯ ನಿಂತು ತೀರಿಕೊಂಡಾಗ ಆಸ್ಪತ್ರೆಯವರು ಕೊಟ್ಟ ಚೀಲದಲ್ಲಿ ಕನ್ನಡಕ, ವಾಚು, ಕರವಸ್ತ್ರದ ಮೂಲೆಯಲ್ಲಿ ಗಂಟು ಕಟ್ಟಿದ ಆ ಸೈಟ್ ಇದ್ದವು. ಎಲ್ಲಿಗೆ ಹೋದರೂ ಇಟ್ಟುಕೊಂಡೇ ಹೋಗುತ್ತಿದ್ದರೆಂದು ಕಾಣುತ್ತದೆ.

ಪಾರ್ಸಿಪನಿಯ ಮನೆಗಳ ನಡುವೆ ಗುಂಡು ಹಾರಿಸುವಂತಿಲ್ಲ. ನನ್ನ ಗಂಡನಿಗೆ ಗುರುತಿದ್ದ ರೈತನೊಬ್ಬ ಕ್ರ್ಯಾನ್‌ಬರಿ ಎಂಬ ಊರಿನ ತನ್ನ ಆಲೂಗಡ್ಡೆ ಹೊಲಕ್ಕೆ ಬನ್ನಿ ಎಂದ. ಮಾರ್ಚ್ ತಿಂಗಳು, ಬಿತ್ತನೆಗೆ ಮುಂಚಿನ ಬರಿಯ ಕರಿಮಣ್ಣು. ಬೋಳು ನಳಿಗೆಯನ್ನು ಆಕಾಶಕ್ಕೆತ್ತಿ ಒಂದು ಹೊಡೆದೆ, ಇನ್ನೊಂದು ಹೊಡೆದೆ. ದೂರದ ಮರಗಳಿಂದ ಕಾಗೆಗಳು ಎದ್ದು ಹೋದವು.

ರೈತ ಟೋಪಿ ತೆಗೆದು ನಿಂತಿದ್ದ. ಅವರ ಕಡೆ ಸತ್ತವರ ಬಗ್ಗೆ ನಾಲ್ಕು ಮಾತಾಡುವ ರೂಢಿ. ‘ನೀವೇನಾದರೂ ಹೇಳುತ್ತೀರಾ?’ ಎಂದು ಇಂಗ್ಲಿಷಿನಲ್ಲಿ ಕೇಳಿದ.

ಹೌದು ಎಂದೆ. ಕೋವಿಯನ್ನು ಗಂಡನ ಕೈಗೆ ಕೊಟ್ಟು, ಆ ಖಾಲಿ ಹೊಲಕ್ಕೆ ಮುಖ ಮಾಡಿ, ಗಟ್ಟಿಯಾಗಿ ಕನ್ನಡದಲ್ಲಿ ಹೇಳಿದೆ:

‘ಅಂಕಲ್, ಕಾರು ಬಂದಿದೆ. ಅವನನ್ನ ಹೋಗೋಕೆ ಬಿಡಿ.’