ಡಾಕ್ಟರನ್ನು ಕಾಯ್ದ ಅಲಿ ಕುಂಞಿ

ನೆಕ್ಕರಡ್ಕದ ಅಲಿ ಕುಂಞಿಯನ್ನು ಕೂತಲ್ಲಿ ಕಂಡವರು ಕಡಿಮೆ. ಚಹಾ ಕುಡಿಯುವುದೂ ನಿಂತೇ, ಅದೂ ಅರ್ಧ ಗ್ಲಾಸು. ಉಳಿದರ್ಧ ಮೇಜಿನ ಮೇಲೆ ತಣ್ಣಗಾಗುವಷ್ಟರಲ್ಲಿ ಅವರ ರಿಕ್ಷಾ ತಿರುವು ದಾಟಿರುತ್ತದೆ. ವಯಸ್ಸು ಐವತ್ತೆಂಟು, ಗಡ್ಡ ಪೂರ್ತಿ ಬೆಳ್ಳಗಾಗಿದೆ, ಆದರೆ ಚಡಪಡಿಕೆ ಮಾತ್ರ ಇಪ್ಪತ್ತರದ್ದೇ. "ಇವರ ಅಂಗಾಲಿಗೆ ಯಾರೋ ಮೆಣಸಿನ ಹುಡಿ ಹಚ್ಚಿದ್ದಾರೆ" ಎಂದು ಹೆಂಡತಿ ಜೈನಬಮ್ಮ ಬಂದವರ ಮುಂದೆಲ್ಲ ದೂರುವುದುಂಟು.

ಇಚಿಲಂಪಾಡಿ ದಾಟಿ ಕಾಡಿನ ಅಂಚು ಹಿಡಿದು ಹೋದರೆ ಸಿಗುವ ಈ ಊರಿನಲ್ಲಿ ಅವರು ಇಪ್ಪತ್ತೆರಡು ವರ್ಷಗಳಿಂದ ರಿಕ್ಷಾ ಓಡಿಸುತ್ತಿದ್ದಾರೆ. ಜ್ವರದವರು, ಹಾವು ಕಚ್ಚಿದವರು, ಹೆರಿಗೆ ನೋವಿನವರು, ಎಲ್ಲರನ್ನೂ ಹಿಂದೆ ಕೂರಿಸಿಕೊಂಡು ಕಡಬಕ್ಕೆ, ಅಲ್ಲಿ ಆಗದಿದ್ದರೆ ಪುತ್ತೂರಿಗೆ. ಹಾಗೆ ಹೋಗುವಾಗ ಇಬ್ಬರು ದಾರಿಯಲ್ಲೇ ತೀರಿಕೊಂಡರು. ಒಬ್ಬಳು ರಬ್ಬರ್ ಟ್ಯಾಪಿಂಗಿನ ಸೀತು. ಇನ್ನೊಬ್ಬರು ಅಲಿ ಕುಂಞಿಯ ಸ್ವಂತ ಅಕ್ಕ ಆಯಿಶಮ್ಮ. "ಇನ್ನೆಷ್ಟು ದೂರ ಉಂಟು?" ಎಂದು ಅಕ್ಕ ಕೇಳುತ್ತಲೇ ಇದ್ದರು, ಇವರು "ಬಂತು, ಬಂತು" ಎನ್ನುತ್ತಲೇ ಇದ್ದರು. ಬಂದಿರಲಿಲ್ಲ. ಇನ್ನೂ ಹದಿನಾರು ಕಿಲೋಮೀಟರ್ ಇತ್ತು.

ಅಂದಿನಿಂದ ಈ ಮನುಷ್ಯನಿಗೆ ಒಂದೇ ಹುಚ್ಚು, ಊರಿನ ಸರ್ಕಾರಿ ಆಸ್ಪತ್ರೆಗೆ ಡಾಕ್ಟರ್ ಬರಬೇಕು, ಬಂದವರು ಉಳಿಯಬೇಕು. ಕಟ್ಟಡಕ್ಕೆ ಎಂತ ಕಡಿಮೆ? ಟೈಲ್ಸ್ ಹಾಕಿದ ನೆಲ, ಹಿತ್ತಿಲಲ್ಲೇ ಡಾಕ್ಟರ ಕ್ವಾರ್ಟರ್ಸ್. ಇಲ್ಲದ್ದು ಡಾಕ್ಟರ್ ಒಬ್ಬರೇ. ಅಲಿ ಕುಂಞಿ ಆಸ್ಪತ್ರೆಯ ರಕ್ಷಾ ಸಮಿತಿಗೆ ಸೇರಿದರು. ಡಾಕ್ಟರುಗಳ ಸಂದರ್ಶನ ಇರುವ ದಿನ ಮಂಗಳೂರಿಗೆ ಹೋಗಿ, ಕಚೇರಿಯ ಗೇಟಿನಲ್ಲಿ ನಿಂತು, ಫೈಲು ಹಿಡಿದುಕೊಂಡು ಬರುವ ಎಳೆಯ ಮುಖಗಳನ್ನೆಲ್ಲ ಮಾತಾಡಿಸಿದರು. "ನಮ್ಮಲ್ಲಿಗೆ ಬನ್ನಿ ಡಾಕ್ಟ್ರೇ, ಒಳ್ಳೆ ನೀರುಂಟು, ಒಳ್ಳೆ ಜನ ಉಂಟು." ಆನೆಯೂ ಉಂಟು ಎಂಬುದನ್ನು ಮಾತ್ರ ಬಾಯಿ ತಪ್ಪಿಯೂ ಹೇಳುತ್ತಿರಲಿಲ್ಲ.

ಸಮಿತಿಯ ಅಧ್ಯಕ್ಷ, ದಿನಸಿ ಅಂಗಡಿಯ ಮೇದಪ್ಪ ಗೌಡರು ಕಿಚಾಯಿಸುತ್ತಿದ್ದರು. "ಅಲ್ಲ ಮಾರಾಯ, ಇಲ್ಲೇ ಡಾಕ್ಟರ್ ಆದ್ರೆ ನಿನ್ನ ರಿಕ್ಷಾಕ್ಕೆ ಯಾರು ಹತ್ತುದು?"

"ಹತ್ತುದು ಬೇಡ. ಆ ಒಂದು ಬಾಡಿಗೆ ನನಗೆ ಬೇಡವೇ ಬೇಡ ಗೌಡ್ರೇ."

ಮೂರು ವರ್ಷದಲ್ಲಿ ಮೂವರು ಬಂದರು, ಮೂವರೂ ಹೋದರು. ಆನೆಗೆ ಹೆದರಿ ಅಲ್ಲ, ಊರಿಗೆ ಹೆದರಿ. ಡಾಕ್ಟರ್ ಸ್ನಾನಕ್ಕೆ ಹೋದರೆ ಜಗಲಿಯಲ್ಲಿ ನಾಲ್ಕು ಜನ, ಊಟಕ್ಕೆ ಕೂತರೆ ಕಿಟಕಿಯಲ್ಲಿ ಎರಡು ಮುಖ. "ಹೇಗೂ ಈ ಕಡೆ ಬಂದೆ, ಬಿಪಿ ಒಂದು ನೋಡಿ" ಎನ್ನುವವರು. ಒಬ್ಬ ಪುಣ್ಯಾತ್ಮ ಗಬ್ಬದ ದನವನ್ನೇ ಎಳೆದುಕೊಂಡು ಬಂದಿದ್ದ. ದಿನಕ್ಕೆ ನೂರಿಪ್ಪತ್ತು ಜನರನ್ನು ನೋಡಿ ನೋಡಿ ಸೋತ ಮೂರನೆಯವರು ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಸ್ ಹತ್ತಿದರು. ಅಲಿ ಕುಂಞಿ ಬಸ್ಸಿನ ಹಿಂದೆ ಕಡಬದವರೆಗೆ ರಿಕ್ಷಾ ಬಿಟ್ಟರೂ ಪ್ರಯೋಜನವಾಗಲಿಲ್ಲ.

ನಾಲ್ಕನೆಯವರು ಡಾಕ್ಟರ್ ಭವಿತಾ. ದಾವಣಗೆರೆಯವರು, ಇಪ್ಪತ್ತೇಳು ವರ್ಷ, ಮಾತು ಕಡಿಮೆ. ಈ ಸಲ ಅಲಿ ಕುಂಞಿ ಪಣ ತೊಟ್ಟರು. ಕ್ವಾರ್ಟರ್ಸಿಗೆ ಸುಣ್ಣ ಬಳಿದರು, ಕಿಟಕಿಗೆ ಸೊಳ್ಳೆ ಬಲೆ ಹೊಡೆದರು. ಆಮೇಲೆ ಮಸೀದಿಯ ಎದುರು, ಹಾಲಿನ ಡಿಪೋದಲ್ಲಿ, ಮೇದಪ್ಪನವರ ಅಂಗಡಿಯಲ್ಲಿ, ಎಲ್ಲ ಕಡೆ ಸಾರಿದರು: ಕ್ವಾರ್ಟರ್ಸಿನ ಬಾಗಿಲು ಯಾರೂ ತಟ್ಟಬಾರದು. ಶೀತ, ಕೆಮ್ಮು, ಗಾಯಗೀಯಕ್ಕೆಲ್ಲ ಆಸ್ಪತ್ರೆಗೆ ಓಡಬಾರದು. ದಿನಕ್ಕೆ ನಲವತ್ತು ಜನ, ಅಷ್ಟೇ. ಬಾಡಿಗೆ ಇಲ್ಲದ ಹೊತ್ತಿನಲ್ಲೆಲ್ಲ ತಾವೇ ಹೋಗಿ ಆಸ್ಪತ್ರೆಯ ಗೇಟಿನಲ್ಲಿ ನಿಂತರು.

"ಎಂತ ನಿಂಗೆ? ತಲೆನೋವಾ? ಹೋಗಿ ಮಲಗು."

"ಮಗುವಿಗೆ ಹೊಟ್ಟೆನೋವು ಅಲಿಚ್ಚ."

"ಓಮದ ನೀರು ಕೊಟ್ಟು ನೋಡು, ಕಡಿಮೆ ಆಗದಿದ್ರೆ ನಾಳೆ ಬಾ."

ಜನ ಮೂಗು ಮುರಿದರು. ಆದರೆ ಇವರು ಹೇಳುವುದರಲ್ಲಿ ಹುರುಳಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಮೂವರನ್ನು ಓಡಿಸಿದ ಪಾಪ ಊರಿನ ತಲೆಯ ಮೇಲೆಯೇ ಇತ್ತಲ್ಲ. ಸಣ್ಣಪುಟ್ಟದಕ್ಕೆ ಕೆಲವರು ಕಷಾಯ ಕುಡಿದರು, ಉಳಿದವರು ಬೆಳಗಿನ ಬಸ್ಸಿಗೆ ಪುತ್ತೂರಿಗೆ ಹೋದರು.

ಐದು ತಿಂಗಳು ಕಳೆಯಿತು. ಇಷ್ಟು ದಿನ ಯಾರೂ ಉಳಿದದ್ದೇ ಇಲ್ಲ! ಅಲಿ ಕುಂಞಿ ಹಿಗ್ಗಿದರೂ ಕಣ್ಗಾವಲು ಬಿಡಲಿಲ್ಲ. ಡಾಕ್ಟರ್ ಊರಿಗೆ ಹೊರಟರೆ ಬ್ಯಾಗ್ ಎಷ್ಟು ದೊಡ್ಡದು ಎಂದು ನೋಡುವರು. ಫೋನಿನಲ್ಲಿ ಜಾಸ್ತಿ ಹೊತ್ತು ಮಾತಾಡಿದರೆ ನರ್ಸ್ ಶೀಲಾವತಿಯವರನ್ನು ಪೀಡಿಸುವರು. "ಎಂತ ಹೇಳ್ತಿದ್ರು? ಹೋಗುವ ಮಾತು ಉಂಟಾ?"

ಒಮ್ಮೆ ಡಾಕ್ಟರೇ ಕೇಳಿದರು. "ಅಲಿ ಅವರೇ, ಮಧ್ಯಾಹ್ನದ ಮೇಲೆ ಯಾಕೆ ಯಾರೂ ಬರಲ್ಲ? ಬೆಳಿಗ್ಗೆ ಪುತ್ತೂರು ಬಸ್ ನೋಡಿದ್ರೆ ಪೇಷಂಟುಗಳೇ ತುಂಬಿರ್ತಾರೆ."

"ಅವರೆಲ್ಲ ಪೇಟೆಗೆ ಹೋಗುವವರು ಡಾಕ್ಟ್ರೇ. ನಮ್ಮ ಊರು ಆರೋಗ್ಯವಾಗಿ ಉಂಟು. ನೀವು ಆರಾಮ ಮಾಡಿ."

ಡಾಕ್ಟರ್ ತಲೆಯಾಡಿಸಿ ಒಳಗೆ ಹೋದರು. ಅಲಿ ಕುಂಞಿಗೆ ಅದು ಒಪ್ಪಿಗೆಯಾಗಿ ಕಂಡಿತು.

ಆ ಭಾನುವಾರ ಡಾಕ್ಟರನ್ನು ಮನೆಗೆ ಊಟಕ್ಕೆ ಕರೆದಿದ್ದರು. ಜೈನಬಮ್ಮ ಕರಿದ ಅಕ್ಕಿರೊಟ್ಟಿ ನೈಪತ್ತಿರ್, ಕೋಳಿ ಸಾರು ಮಾಡಿದ್ದರು. ಎರಡನೇ ಸಲ ಬಡಿಸಲು ಬರುವಾಗ ಅವರು ಎಡಗಾಲು ಎಳೆಯುವುದನ್ನು ಡಾಕ್ಟರ್ ಕಂಡರು. ಆ ಸೆಕೆಯಲ್ಲೂ ಆ ಕಾಲಿಗೆ ಮಾತ್ರ ಸಾಕ್ಸ್. ಡಾಕ್ಟರ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೈ ತೊಳೆದು ಬಂದರು.

"ಅಮ್ಮಾ, ಸಾಕ್ಸ್ ತೆಗೀರಿ."

"ಅದು ಎಂತ ಇಲ್ಲ, ಚಪ್ಪಲಿ ಕಚ್ಚಿದ್ದು. ನೀವು ಮೊದಲು ಊಟ ಮಾಡಿ."

ಡಾಕ್ಟರ್ ನೆಲದಲ್ಲಿ ಕೂತು ತಾವೇ ತೆಗೆದರು. ಕೊನೆಯ ಎರಡು ಬೆರಳು ಕಪ್ಪಾಗಿದ್ದವು. ವಾಸನೆ ಅಲಿ ಕುಂಞಿ ನಿಂತಲ್ಲಿಗೂ ಬಂತು. ಹತ್ತು ವರ್ಷದಿಂದ ಹೆಂಡತಿಗೆ ಶುಗರ್ ಇರುವುದು ಗೊತ್ತಿದ್ದೂ ಒಂದು ದಿನವೂ ಆ ಕಾಲಿನತ್ತ ನೋಡಿರಲಿಲ್ಲ. ನಾಚಿಕೆಯಿಂದ ಭೂಮಿಗಿಳಿದು ಹೋದರು.

"ಎಷ್ಟು ದಿನ ಆಯ್ತು?"

"ಹದಿನೆಂಟು."

"ಆಸ್ಪತ್ರೆ ಇಲ್ಲೇ ಇದೆಯಲ್ಲಮ್ಮ. ಯಾಕೆ ಬರ್ಲಿಲ್ಲ?"

ಜೈನಬಮ್ಮ ಗಂಡನ ಮುಖ ನೋಡಿದರು. "ಗಾಯಗೀಯಕ್ಕೆಲ್ಲ ನಿಮಗೆ ತೊಂದರೆ ಕೊಡಬಾರದು ಅಂತ ಇವರು ಊರಿಗೆಲ್ಲ ಹೇಳಿದ್ದಾರೆ. ಬಂದವರನ್ನು ಗೇಟಿನಿಂದ ಕಳಿಸ್ತಾರೆ. ಇವರ ಮನೆಯವಳೇ ಬಂದರೆ ಇವರ ಮಾತಿಗೆ ಎಂತ ಬೆಲೆ ಉಳಿತದೆ?"

ಡಾಕ್ಟರ್ ಶೀಲಾವತಿಯವರಿಂದ ಡ್ರೆಸ್ಸಿಂಗ್ ಸಾಮಾನು ತರಿಸಿ, ಗಾಯ ತೊಳೆದು ಕಟ್ಟಿ, ಇಂಜೆಕ್ಷನ್ ಕೊಟ್ಟು, ಜೈನಬಮ್ಮನವರ ಜೊತೆ ತಾವೂ ರಿಕ್ಷಾ ಹತ್ತಿದರು. ಪುತ್ತೂರು ಹತ್ತಿರವಾದಾಗ ಹಿಂದಿನಿಂದ ಅವರ ದನಿ ಕೇಳಿತು.

"ನಾನು ಬೇರೆನೇ ಅಂದ್ಕೊಂಡಿದ್ದೆ ಅಲಿ ಅವರೇ. ಊರವರಿಗೆ ನನ್ನ ಮೇಲೆ ನಂಬಿಕೆ ಇಲ್ಲ, ಅದಕ್ಕೇ ನನ್ನ ಬಾಗಿಲು ದಾಟಿ ಪುತ್ತೂರಿಗೆ ಹೋಗ್ತಾರೆ ಅಂತ. ಮಧ್ಯಾಹ್ನ ಎಲ್ಲ ಖಾಲಿ ಬೆಂಚು ನೋಡ್ತಾ ಕೂತಿರ್ತಿದ್ದೆ. ಹೋದ ವಾರ ರಾಜೀನಾಮೆ ಕಳಿಸಿದೀನಿ. ಒಂದು ತಿಂಗಳ ನೋಟಿಸ್."

ಅಲಿ ಕುಂಞಿ ರಸ್ತೆ ಮಾತ್ರ ನೋಡುತ್ತಾ ಓಡಿಸಿದರು.

ಪುತ್ತೂರಿನಿಂದ ಮಂಗಳೂರಿಗೆ ಕಳಿಸಿದರು, ಅಲ್ಲಿ ಎರಡು ಬೆರಳು ತೆಗೆದರು. ಕಾಲು ಉಳಿಯಿತು. "ಇನ್ನೊಂದು ವಾರ ತಡವಾಗಿದ್ದರೆ ಪಾದ ಹೋಗುತ್ತಿತ್ತು" ಎಂದರು ಅಲ್ಲಿಯವರು. ಹತ್ತು ದಿನ ಬಿಟ್ಟು ಹೆಂಡತಿಯನ್ನು ಮನೆಗೆ ತಂದು ಮಲಗಿಸಿದವರೇ ಅಲಿ ಕುಂಞಿ ಊರು ಸುತ್ತಲು ಹೊರಟರು. ಹಾಲಿನ ಡಿಪೋ, ಮಸೀದಿ, ಮನೆ ಮನೆ. "ಹೋಗಿ ಮಾರಾಯ್ರೆ, ಡಾಕ್ಟ್ರ ಹತ್ರ ಹೋಗಿ. ಶೀತ ಆದ್ರೂ ಹೋಗಿ. ತಪ್ಪು ನನ್ನದು." ಜನ ಅವರನ್ನು ಮೇಲಿಂದ ಕೆಳಗೆ ನೋಡಿದರು.

"ಹೋಗಬೇಡಿ ಅಂತ ಗೇಟಿಗೆ ಅಡ್ಡ ನಿಂತದ್ದು ನೀನೇ ಅಲ್ವಾ?" ಎಂದರು ಮೇದಪ್ಪ. ಈ ಸಲ ಅವರ ಮಾತಿನಲ್ಲಿ ಕುಚೋದ್ಯವಿರಲಿಲ್ಲ. "ನಾವು ಮೂರು ಜನರನ್ನು ಓಡಿಸಿದೆವು ಸರಿ. ಇವರನ್ನು ಓಡಿಸ್ತಾ ಇರುದು ನೀನು ಒಬ್ಬನೇ."

ಆ ಮಾತು ಎದೆಗೆ ನಾಟಿತು. ಮರುದಿನ ಬೆಳಿಗ್ಗೆ ಏಳು ಗಂಟೆಗೆ ಅಲಿ ಕುಂಞಿ ಕ್ವಾರ್ಟರ್ಸಿನ ಬಾಗಿಲು ತಟ್ಟಿದರು. ಡಾಕ್ಟರ್ ಹಲ್ಲುಜ್ಜುವ ಬ್ರಶ್ ಹಿಡಿದುಕೊಂಡೇ ಬಾಗಿಲು ತೆರೆದರು.

"ಹೊತ್ತಲ್ಲದ ಹೊತ್ತಲ್ಲಿ ಬಂದೆ ಡಾಕ್ಟ್ರೇ. ತಲೆ ತಿರುಗ್ತದೆ, ಎದೆ ಡಬಡಬ ಹೊಡ್ಕೊಳ್ತದೆ."

ಡಾಕ್ಟರ್ ಬಾಯಿ ತೊಳೆದು ಬಂದು ಬಿಪಿ ನೋಡಿದರು. ಮತ್ತೊಮ್ಮೆ ನೋಡಿದರು. "ನೂರಾ ಎಂಬತ್ತಿದೆ. ಹಿಂದೆ ಯಾವಾಗಾದ್ರೂ ತೋರಿಸಿದ್ರಾ?"

"ಇಲ್ಲ. ನಿಮಗೆ ತೊಂದರೆ ಅಂತ..." ಎಂದವರು ಅರ್ಧಕ್ಕೇ ನಿಲ್ಲಿಸಿದರು.

"ನಿದ್ದೆ ಬರ್ತಿದ್ಯಾ?"

"ನೀವು ಹೋಗ್ತೀರಿ ಅಂತ ಗೊತ್ತಾದ ಮೇಲೆ ಬರ್ಲಿಲ್ಲ." ಇಪ್ಪತ್ತೇಳರ ಹುಡುಗಿಯ ಮುಂದೆ ಕಣ್ಣೀರು ಹಾಕಬೇಕಾಯಿತಲ್ಲ ಎಂದು ಮುಖ ತಿರುಗಿಸಿದರು.

ಡಾಕ್ಟರ್ ಚೀಟಿ ಬರೆಯುತ್ತಿದ್ದರು. "ದಿನಕ್ಕೊಂದು ಮಾತ್ರೆ. ಹದಿನೈದು ದಿನಕ್ಕೊಮ್ಮೆ ಬಂದು ತೋರಿಸ್ಬೇಕು. ಆರು ತಿಂಗಳು ಬಿಡದೆ ನೋಡ್ಬೇಕಾಗುತ್ತೆ."

ಅಲಿ ಕುಂಞಿ ಬೆರಳು ಮಡಚಿ ಲೆಕ್ಕ ಹಾಕಿದರು. ನೋಟಿಸಿನಲ್ಲಿ ಉಳಿದದ್ದು ಎರಡು ವಾರವೂ ಇಲ್ಲ. "ಆರು ತಿಂಗಳು ಯಾರು ನೋಡುದು ಡಾಕ್ಟ್ರೇ?"

"ಇಲ್ಲಿ ಬೇರೆ ಡಾಕ್ಟ್ರು ಯಾರಿದ್ದಾರೆ?" ಡಾಕ್ಟರ್ ಚೀಟಿ ಹರಿದು ಅವರ ಕೈಗೆ ಕೊಟ್ಟರು. "ಕೊಟ್ಟ ರಾಜೀನಾಮೆ ವಾಪಸ್ ತಗೊಳ್ಳೋಕೆ ಇನ್ನೂ ಟೈಮ್ ಇದೆ."

ಅವರು ಚೀಟಿ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟರು. ಅಂಗಳದಲ್ಲಿ, ಹಿಂದೊಮ್ಮೆ ಮಗುವಿನ ಹೊಟ್ಟೆನೋವಿಗೆ ಬಂದು ಗೇಟಿನಿಂದಲೇ ವಾಪಸ್ ಹೋಗಿದ್ದ ಮುಫೀದಾ, ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಅಲಿ ಕುಂಞಿಯನ್ನು ಕಂಡದ್ದೇ ತಡ, ಹೆದರಿ ಹಿಂದಕ್ಕೆ ತಿರುಗಿದಳು.

"ಬನ್ನಿ, ಬನ್ನಿ" ಎಂದು ಕರೆದ ಡಾಕ್ಟರ್, ಅಲಿ ಕುಂಞಿಯ ಕಡೆ ನೋಡಿದರು. "ನೀವು ಸ್ವಲ್ಪ ದಾರಿ ಬಿಡಿ."