ಏಳನೆಯ ನಿರಿಗೆ

ಸಕ್ಕರೆ ಬೇನೆ ಹಿಡಿದು ನಾಲ್ಕು ವರ್ಷವಾಗಿತ್ತು. ಐನಾಪುರದಿಂದ ಉಗಾರಕ್ಕೆ ಹೋಗಿ ತೋರಿಸುತ್ತಿದ್ದೆ. ಒಮ್ಮೆ ಡಾಕ್ಟರಬಾಯಿ, ಗುಳಿಗೆ ಸಾಲುತ್ತಿಲ್ಲ, ಇನ್ಸುಲಿನ್ ಸೂಜಿ ಶುರು ಮಾಡಬೇಕಾಗಬಹುದು ಎಂದರು. ಚುಚ್ಚಿಕೊಳ್ಳಲು ನಾನು ಅಂಜುವವಳಲ್ಲ. ಆದರೆ ಅಕ್ಷರ ಕೂಡಿಸಿ ಓದುವವಳು. ಸಿರಿಂಜಿನ ಮೇಲಿನ ಗೆರೆ ನನಗೆ ತಿಳಿಯುವುದಿಲ್ಲ. ದಿನಕ್ಕೆರಡು ಸಲ ಸೊಸೆಯ ದಾರಿ ಕಾಯುತ್ತ ಕೂರಬೇಕು. ಅದು ಬೇಡವಾಗಿತ್ತು.

"ಹೊಟ್ಟಿ ಕಡಿಮಿ ಮಾಡ್ರಿ ಆಯಿ, ಮೂರು ತಿಂಗಳು ನೋಡೂಣು" ಎಂದರು.

"ಹೊಟ್ಟಿ ಏನ್ ಮಾಡೈತ್ರಿ? ಅದು ಸುಮ್ಮ ಬಿದ್ದಿರೂದು."

"ಸುಮ್ಮ ಎಲ್ಲಿ ಬಿದ್ದಿರತೈತಿ? ಹೊಟ್ಟ್ಯಾಗಿನ ಕೊಬ್ಬು ರಕ್ತಕ್ಕ ಏನೇನೋ ರಸ ಬಿಡತೈತಿ. ಕೊಬ್ಬು ಹೆಚ್ಚಾದ್ರ ಕೆಟ್ಟ ರಸ ಹೆಚ್ಚು, ಇನ್ಸುಲಿನ್ ಹೇಳಿದ್ದು ಮೈ ಕೇಳಂಗಿಲ್ಲ. ಕೇಳೂವಂಗ ಮಾಡೂ ಒಳ್ಳೇ ರಸಾನೂ ಒಂದೈತಿ, ಹೊಟ್ಟಿ ಬೆಳದಂಗ ಅದು ಕಡಿಮಿ ಆಗತೈತಿ."

ಕೊಬ್ಬೆಂದರೆ ಅಟ್ಟದ ಮೇಲಿನ ಜೋಳದ ಚೀಲ, ಬೇಕಾದಾಗ ಬಿಚ್ಚಿಕೊಳ್ಳುವುದು ಎಂದೇ ನಾನು ತಿಳಿದಿದ್ದೆ.

ನನ್ನ ಹೊಟ್ಟೆ ಎಲ್ಲಿಂದ ಬಂತೆಂದು ಗೊತ್ತಿತ್ತು. ಎಲ್ಲರ ಊಟವಾದ ಮೇಲೆ ಉಣ್ಣುವವಳು ನಾನು. ಪಾತ್ರೆಯಲ್ಲಿ ಉಳಿದ ಅನ್ನ, ಮೊಮ್ಮಕ್ಕಳು ಬಿಟ್ಟ ಶೇಂಗಾ ಹೋಳಿಗೆ, ಚೆಲ್ಲಬಾರದೆಂದು ನನ್ನ ಹೊಟ್ಟೆಗೇ. ಅಂದಿನಿಂದ ಮೊದಲ ಪಂಕ್ತಿಗೇ ಕುಳಿತೆ. ಒಂದೂವರೆ ರೊಟ್ಟಿ, ಪಲ್ಯ, ಎದ್ದುಬಿಡುವುದು. ಉಳಿದದ್ದು ಎಮ್ಮೆಗೆ. ಮೇವು ತರಲು ಕಬ್ಬಿನ ಹೊಲಕ್ಕೆ ದಿನಾ ನಡೆದೇ ಹೋದೆ.

"ಅತ್ತಿ, ಇನ್ನ ಎಮ್ಮಿಗೆ ಸಕ್ಕರಿ ಬ್ಯಾನಿ ಬರತೈತಿ ನೋಡ್ರಿ" ಎಂದು ಸೊಸೆ ಹಂಗಿಸಿದಳು.

"ಬರ್ಲಿ. ಅದಕ್ಕ ಸೂಜಿ ನೀನ ಚುಚ್ಚು."

ಮನೆಯಲ್ಲಿ ತೂಕದ ಯಂತ್ರವಿರಲಿಲ್ಲ. ನನ್ನ ಅಳತೆ ಸೀರೆಯೇ. ಒಂಬತ್ತು ಗಜದ ಸೀರೆ ಸೊಂಟಕ್ಕೆ ಸುತ್ತಿ, ಉಳಿದದ್ದರಲ್ಲಿ ನಿರಿಗೆ ಹಿಡಿಯುವುದು. ಹೊಟ್ಟೆ ಬೆಳೆದಂತೆ ಬಟ್ಟೆಯೆಲ್ಲ ಸುತ್ತಿಗೇ ಹೋಗಿ ನಿರಿಗೆ ಆರಕ್ಕೆ ಇಳಿದಿತ್ತು. ಎರಡು ತಿಂಗಳು ಕಳೆದರೂ ಆರೇ. ಅಳುಕು ಹತ್ತಿತು. ಒಂದು ದಿನ ಉಸಿರು ಬಿಗಿಹಿಡಿದು, ಎಳೆದುಟ್ಟು ಏಳು ಮಾಡಿದೆ. ಹಾಲು ಹಿಂಡಲು ಕೂತಾಗ ಸೊಂಟ ಕೊರೆಯಿತು. ಬಿಚ್ಚಿ ಮತ್ತೆ ಆರೇ ನಿರಿಗೆ ಹಿಡಿದು ಉಟ್ಟೆ. ಮೂರನೆಯ ತಿಂಗಳ ಕೊನೆಗೆ ಸಡಿಲಾಗಿ ಉಟ್ಟರೂ ಏಳನೆಯದು ಕೈಗೆ ಬಂತು.

ಆದರೂ ಉಗಾರದ ಬಸ್ಸಿನಲ್ಲಿ ಅವನ್ನು ಮತ್ತೆ ಮತ್ತೆ ಎಣಿಸಿದೆ. ನಿರಿಗೆ ಎಣಿಸಿ ಯಾವ ಡಾಕ್ಟರೂ ಔಷಧ ಬರೆಯುವುದಿಲ್ಲವಲ್ಲ. ಡಾಕ್ಟರಬಾಯಿ ರಕ್ತ ತಪಾಸಣೆಯ ಕಾಗದವನ್ನು ಎರಡು ಸಲ ನೋಡಿದರು.

"ಮೈ ಮಾತು ಕೇಳಾಕತ್ತೈತಿ ಆಯಿ. ಸದ್ಯಕ್ಕ ಸೂಜಿ ಬ್ಯಾಡ. ಗುಳಿಗಿ ತಪ್ಪಿಸಬ್ಯಾಡ್ರಿ, ಹಿಂಗ ನಡಸ್ರಿ."

ಹೊರಗೆ ಬಂದು ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತೆ. ಗುಳಿಗೆಯ ಪೊಟ್ಟಣ ಬಿಚ್ಚಿ ಬಣ್ಣ ನೋಡಿಕೊಂಡೆ.

ಬೆಳಿಗ್ಗೆ ಬಿಳಿ ಗುಳಿಗೆ, ಸಂಜೆಗೆ ಹಳದಿ. ಅದಕ್ಕೆ ನಾನು ಯಾರನ್ನೂ ಕೇಳಬೇಕಾಗಿಲ್ಲ.