ತಾನಾಗಿಯೇ ಸರಿದ ಪಿಕಪ್ಪು ಮತ್ತು ಬೀರಲಿಂಗಪ್ಪನವರ ವರದಿ

ಯಂತ್ರವನ್ನು ಬಲ್ಲವರು ಹುಬ್ಬಳ್ಳಿ-ಧಾರವಾಡಗಳಲ್ಲಿ ಬಹಳ ಜನರಿದ್ದಾರೆ. ಯಂತ್ರದ ತಪ್ಪನ್ನು ಮನುಷ್ಯನ ತಲೆಗೆ ಕಟ್ಟುವುದನ್ನು ಕಂಡು ಉರಿದೇಳುವವರು ವಿರಳ. ಗೋಕುಲ ರಸ್ತೆಯ ಬೆಳೆಸಿರಿ ಬೀಜ ಸಹಕಾರಿ ಸಂಘದ ಗ್ಯಾರೇಜಿನಲ್ಲಿ ಮೂವತ್ತೊಂದು ವರ್ಷ ದುಡಿದು, ಈ 2006ರ ಮೇ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಹಿರಿಯ ಮೇಸ್ತ್ರಿ ಶ್ರೀ ಬೀರಲಿಂಗಪ್ಪನವರು ಆ ವಿರಳರಲ್ಲಿ ಒಬ್ಬರು. ಒಬ್ಬರ ಸಿಟ್ಟನ್ನು ಹೊಗಳುವ ಲೇಖನ ಅಭಿನಂದನ ಸಂಪುಟಕ್ಕೆ ಒಪ್ಪುವುದೇ ಎಂಬ ಸಂದೇಹ ಸಂಪಾದಕರಿಗೂ ಬಂದಿತ್ತು. ಆದರೆ ಆ ಸಿಟ್ಟನ್ನು ಬಿಟ್ಟು ಬರೆದರೆ ಅದು ಬೇರೆ ಯಾರದೋ ಸೇವೆಯ ಕಥೆಯಾದೀತು.

ಧಾರವಾಡದ ಬಳಿಯ ಗರಗದ ಒಕ್ಕಲು ಮನೆತನದಿಂದ ಬಂದು 1975ರಲ್ಲಿ ಸಹಾಯಕರಾಗಿ ಸೇರಿದ ಅವರು, ಹತ್ತೇ ವರ್ಷಗಳಲ್ಲಿ ಗ್ಯಾರೇಜಿನ ಹೊಣೆ ಹೊತ್ತರು. ಮಾತು ಕಡಿಮೆ, ಬೈಗುಳ ಧಾರಾಳ. ಬೈಸಿಕೊಂಡ ಚಾಲಕನ ಮಗಳ ಮದುವೆಗೆ ಹಿಂದಿನ ದಿನವೇ ಹೋಗಿ ಚಪ್ಪರದ ಕಂಬ ನೆಡುವವರೂ ಅವರೇ.

1998ರ ಏಪ್ರಿಲ್‌ನಲ್ಲಿ ನಡೆದದ್ದನ್ನು ಮಾತ್ರ ವಿವರವಾಗಿ ಹೇಳಲೇಬೇಕು. ಒಂದು ಮಧ್ಯಾಹ್ನ ಸಂಘದ ಹಳೆಯ ಪಿಕಪ್ಪು ಗರಗಕ್ಕೆ ಬೀಜದ ಚೀಲ ಇಳಿಸಿ ಬಂದು ಗೋದಾಮಿನ ಗೇಟಿನ ಮುಂದೆ ನಿಂತಿತ್ತು. ಚಾಲಕ ಮಕಬೂಲಸಾಬರು ಗಾಡಿಯನ್ನು ಮೊದಲನೆಯ ಗೇರಿನಲ್ಲಿಟ್ಟು, ಕ್ಲಚ್ ಒತ್ತಿ ಹಿಡಿದು ಕಾಯುತ್ತಿದ್ದರು. ಬೀಜ ಆರಿಸುವ ಕೆಲಸದ ಶರಣವ್ವ ಗೇಟು ತೆರೆಯುತ್ತಿದ್ದರು. ಗಾಡಿ ಇದ್ದಕ್ಕಿದ್ದಂತೆ ಮುಂದಕ್ಕೆ ಸರಿಯಿತು. ಬ್ರೇಕ್ ಒತ್ತುವಷ್ಟರಲ್ಲಿ ಶರಣವ್ವನವರ ಎಡಗಾಲು ಬಂಪರಿಗೂ ಗೇಟಿನ ಕಂಬಕ್ಕೂ ನಡುವೆ ಸಿಕ್ಕಿ ಮುರಿದಿತ್ತು.

ಆಡಳಿತಾಧಿಕಾರಿ ಶಶಿಕಾಂತ ಅವರು ಅಂದು ಸಂಜೆಯೇ ಮಕಬೂಲಸಾಬರನ್ನು ಕೆಲಸದಿಂದ ಅಮಾನತು ಮಾಡಿದರು. ಕ್ಲಚ್ಚಿನ ಎಣ್ಣೆಯ ಡಬ್ಬಿ ತುಂಬಿತ್ತು, ಎಲ್ಲಿಯೂ ಸೋರಿಕೆ ಇರಲಿಲ್ಲ, ಗೇರು ಸಲೀಸಾಗಿ ಬೀಳುತ್ತಿತ್ತು. ಆದ್ದರಿಂದ ಚಾಲಕನೇ ಕಾಲು ಎತ್ತಿದ್ದಾನೆ ಎಂಬುದು ಅವರ ತೀರ್ಮಾನ.

ಮರುದಿನ ಬೆಳಿಗ್ಗೆ ಮಕಬೂಲಸಾಬರು ಗ್ಯಾರೇಜಿಗೆ ಬಂದರು. ಬೇಡಿಕೊಳ್ಳಲು ಬಂದವರಲ್ಲ.

“ಹದಿನೈದು ದಿನದ ಹಿಂದ ನಿಮಗ ಹೇಳಿದ್ನಿಲ್ಲೋ, ಒತ್ತಿ ಹಿಡದ್ರೂ ಕ್ಲಚ್ ತಾನಾ ಬಿಟ್ಟುಕೊಡತೈತಿ ಅಂತ? ಏನಂದ್ರಿ ನೀವು? ‘ಕ್ಲಚ್ ಮ್ಯಾಲ ಕಾಲಿಟ್ಟು ಓಡಸೋದು ಬಿಡು’ ಅಂದ್ರಿ. ಈಗ ಆ ಹೆಣ್ಣಮಗಳ ಕಾಲಿಗೆ ಯಾರ ಹೊಣಿ?”

 ಬೀರಲಿಂಗಪ್ಪನವರು ಹಾಗೆ ಅಂದದ್ದು ನಿಜವಾಗಿತ್ತು. ಮೊದಲು ಮಕಬೂಲಸಾಬರ ಮೇಲೆ ಸಿಟ್ಟು ಬಂತು, ಆಮೇಲೆ ಅದು ತಿರುಗಿ ಅವರನ್ನೇ ಸುಟ್ಟಿತು.

ಅವರು ಪಿಕಪ್ಪಿನ ಅಡಿಗೆ ನುಗ್ಗಿದರು. ಪೆಡಲ್ ಒತ್ತಿದಾಗ ಎಣ್ಣೆಯ ಒತ್ತಡಕ್ಕೆ ಕೆಳಗಿನ ಸಿಲಿಂಡರಿನಿಂದ ಒಂದು ಸರಳು ಹೊರಬಂದು ಕ್ಲಚ್ಚನ್ನು ಬಿಡಿಸುತ್ತದೆ. ಒತ್ತಿ ಹಿಡಿದಷ್ಟು ಹೊತ್ತು ಅದು ಅಲ್ಲಿಯೇ ನಿಲ್ಲಬೇಕು. ಸರಳಿಗೆ ಸೀಮೆಸುಣ್ಣದ ಗುರುತು ಹಾಕಿ, ಮೇಲಿನಿಂದ ಪೆಡಲ್ ಒತ್ತಿ ಹಿಡಿಸಿ ಮೂರು ಸಲ ನೋಡಿದರು. ಸರಳು ಕದಲಲಿಲ್ಲ.

“ಆತಿಲ್ಲೋ ಪರೀಕ್ಷಾ? ಸಾಕ್ ಮಾಡ್ರಿನ್ನ” ಎಂದು, ನೋಡಲು ಬಂದು ನಿಂತಿದ್ದ ಶಶಿಕಾಂತ ನಕ್ಕರು.

ಬೀರಲಿಂಗಪ್ಪನವರು ಕೈಯಲ್ಲಿದ್ದ, ನಟ್ಟು ಬಿಚ್ಚುವ ಪಾನಾವನ್ನು ನೆಲಕ್ಕೆ ಬಡಿದರು. ಅಪಘಾತವಾದದ್ದು ತಣ್ಣಗಿನ ಬೆಳಗಿನಲ್ಲಲ್ಲ, ಗರಗದಿಂದ ಓಡಿ ಬಂದು ಕಾದ ಗಾಡಿಯಲ್ಲಿ. ಅವರೇ ಚೀಲ ಹೇರಿಸಿಕೊಂಡು ಗರಗಕ್ಕೆ ಹೋಗಿ, ರಣಬಿಸಿಲಲ್ಲಿ ಮರಳಿ ಬಂದು, ನೇರವಾಗಿ ಕಚೇರಿಯ ಬಾಗಿಲಿಗೆ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದರು.

“ಸಾಹೇಬ್ರ, ನೀವ ಬಂದು ಕುಂಡ್ರಿ. ಪೆಡಲ್ ಒತ್ತಿ ಹಿಡೀರಿ. ನಾ ಹೇಳೂತನಕ ಕಾಲ ಎತ್ತಬ್ಯಾಡ್ರಿ.”

ಶಶಿಕಾಂತ ಒಲ್ಲದ ಮನಸ್ಸಿನಿಂದ ಕುಳಿತರು. ಕೆಳಗೆ ಮಲಗಿದ್ದ ಬೀರಲಿಂಗಪ್ಪನವರ ಕಣ್ಣೆದುರೇ ಸುಣ್ಣದ ಗುರುತು ಮೆಲ್ಲಗೆ ಹಿಂದಕ್ಕೆ ಜಾರಿ ಸಿಲಿಂಡರಿನೊಳಗೆ ಮರೆಯಾಯಿತು.

“ಕಾಲ ಎತ್ತಿದ್ರೇನ್ರಿ?”

“ಇಲ್ಲಲ್ಲ.”

“ಹಂಗಾದ್ರ ಮಕಬೂಲಸಾಬನೂ ಎತ್ತಿಲ್ಲ!”

ಆ ಕೂಗು ಗೋದಾಮಿನ ಹಿತ್ತಲತನಕ ಕೇಳಿಸಿತು.

ಪೆಡಲಿನ ಬಳಿಯ ಮಾಸ್ಟರ್ ಸಿಲಿಂಡರನ್ನು ಬಿಚ್ಚಿದಾಗ ಒಳಗಿನ ರಬ್ಬರ್ ನೆನೆಸಿದ ಕಡಲೆಯಂತೆ ಉಬ್ಬಿ ಮೆತ್ತಗಾಗಿತ್ತು. ಬಿಸಿಯೇರಿದಾಗ ಅದು ಎಣ್ಣೆಯನ್ನು ತಡೆಯದೆ ಒಳಗಿಂದೊಳಗೇ ಹಿಂದಕ್ಕೆ ಬಿಡುತ್ತಿತ್ತು. ಹೊರಗೆ ಹನಿ ಕಾಣಿಸದಿದ್ದುದು ಅದಕ್ಕೇ. ಬೀರಲಿಂಗಪ್ಪನವರು ಉಗ್ರಾಣದಿಂದ ಹೆಸರಿಲ್ಲದ ಎಣ್ಣೆಯ ಡಬ್ಬಿಯನ್ನು ತಂದು, ಶಶಿಕಾಂತರ ಮೇಜಿನ ಮೇಲಿದ್ದ ನೀರಿನ ಗಾಜಿನ ಲೋಟಕ್ಕೆ ನಾಲ್ಕು ಹನಿ ಹಾಕಿದರು. ಕ್ಲಚ್ಚಿಗೂ ಹಾಕುವ ನಿಜವಾದ ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆಯುತ್ತದೆ. ಇದು ಮೇಲೆ ತೇಲಿತು. ರಬ್ಬರನ್ನು ಉಬ್ಬಿಸಿದ್ದು ಖರ್ಚು ಉಳಿಸಲೆಂದು ಶಶಿಕಾಂತರೇ ತರಿಸಿದ್ದ ಈ ಬಿಡಿ ಎಣ್ಣೆ.

ಶಶಿಕಾಂತ ಬಾಗಿಲು ಮುಂದೆ ಮಾಡಿದರು. “ಎಣ್ಣಿ ಮಾತು ಬಿಡ್ರಿ. ಗಾಡಿ ಹಳೇದು, ರಬ್ಬರ್ ಸವದಿತ್ತು ಅಂತ ಬರೀರಿ. ಮಕಬೂಲಸಾಬನ್ನ ವಾಪಸ್ ತಗೋತೇನಿ. ನಿಮ್ಮ ಫೋರ್ಮನ್ ಆರ್ಡರೂ ಮುಂದಿನ ತಿಂಗಳ ಬರತೈತಿ.”

“ಸವದಿದ್ದು ರಬ್ಬರ್ ಅಲ್ರಿ, ನಮ್ಮ ನಾಚಿಕಿ” ಎಂದು ಬೀರಲಿಂಗಪ್ಪನವರು ಎದ್ದುಬಂದರು.

ಅವರು ಬರೆದ ವರದಿ ಒಂದೇ ಪುಟದ್ದು. ಎಣ್ಣೆ ತಪ್ಪು, ತರಿಸಿದವರು ಆಡಳಿತಾಧಿಕಾರಿಗಳು ಎಂದ ಮೇಲೆ ಇನ್ನೆರಡು ಸಾಲುಗಳಿದ್ದವು: “ಆ ಎಣ್ಣೆಯನ್ನು ನೋಡದೆ ಸುರಿದದ್ದು ನನ್ನ ಕೈ. ಚಾಲಕ ಮೊದಲೇ ಹೇಳಿದ್ದ, ನಾನು ಕೇಳಲಿಲ್ಲ.” ಅದನ್ನು ಶಶಿಕಾಂತರ ಕೈಗೆ ಕೊಡದೆ, ಆಡಳಿತ ಮಂಡಳಿಯ ಸಭೆಗೆ ಕರೆಯದೆಯೇ ಹೋಗಿ ಓದಿದರು.  

ಮಕಬೂಲಸಾಬರು ಕೆಲಸಕ್ಕೆ ಮರಳಿದರು. ಶರಣವ್ವನವರ ಚಿಕಿತ್ಸೆಯ ಹೊಣೆಯನ್ನು ಸಂಘ ಹೊತ್ತುಕೊಂಡಿತು. ಶಶಿಕಾಂತರನ್ನು ಬೇರೆ ಶಾಖೆಗೆ ಕಳಿಸಿದರು, ಅಷ್ಟೆ. ಫೋರ್ಮನ್ ಆದೇಶ ಬೀರಲಿಂಗಪ್ಪನವರಿಗೆ ಬರಲೇ ಇಲ್ಲ. ಮೇಸ್ತ್ರಿಯಾಗಿಯೇ ಅವರು ಈಗ ಹೊರನಡೆಯುತ್ತಿದ್ದಾರೆ. ಆಸ್ಪತ್ರೆಗೆ ನೋಡಲು ಹೋದಾಗ ಶರಣವ್ವ ಮುಖ ತಿರುಗಿಸಲಿಲ್ಲ, ಮೆದುವಾಗಿಯೂ ಮಾತನಾಡಲಿಲ್ಲ.

“ನಿಮ್ಮ ವರದಿ ಛಲೋ ಆತಂತ್ರಿ, ಅಣ್ಣಾರ. ನನ್ನ ಕಾಲು ಹಂಗ ಆಗಲಿಲ್ಲ.”

  ಮಕಬೂಲಸಾಬರು ಪೂರಾ ಒಂದು ವರ್ಷ ಬೀರಲಿಂಗಪ್ಪನವರೊಂದಿಗೆ ಮಾತು ಬಿಟ್ಟಿದ್ದರು. ಕೊನೆಗೊಂದು ದಿನ ಗಾಡಿ ತಂದು ನಿಲ್ಲಿಸಿ, “ಬ್ರೇಕ್ಯಾಗ ಏನೋ ಸಪ್ಪಳ ಬರಾಕತ್ತೈತ್ರಿ” ಎಂದರು. ಬೀರಲಿಂಗಪ್ಪನವರು ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿ, ಕೈ ತೊಳೆದು, “ಯಾವಾಗಿಂದ? ಎಲ್ಲಾ ಹೇಳ್ರಿ” ಎಂದು ಪಕ್ಕದಲ್ಲಿ ಕುಳಿತರು.

ಜೂನ್‌ನಿಂದ ಅವರು ವಿದ್ಯಾನಗರದ ಒಂದು ಕೊಠಡಿಯಲ್ಲಿ, ಚಾಲಕರಿಗಾಗಿ ಪ್ರತಿ ರವಿವಾರ ಗಾಡಿಯ ದೋಷಗಳನ್ನು ಗುರುತಿಸುವ ಪಾಠ ಮಾಡಲಿದ್ದಾರೆ. ನಿವೃತ್ತರಿಗೆ ಶಾಂತ ಜೀವನವನ್ನು ಹಾರೈಸುವುದು ವಾಡಿಕೆ. ಶ್ರೀ ಬೀರಲಿಂಗಪ್ಪನವರಿಗೆ ನೂರು ವರ್ಷದ ಆಯುಷ್ಯವಿರಲಿ, ಗಾಡಿಯಡಿಗೆ ನುಗ್ಗುವ ಮೈಬಲವಿರಲಿ, ಕಣ್ಣಿನ ಬೆಳಕು ಮಾಸದಿರಲಿ. ಬೇರೆಯವರ ತಪ್ಪಿಗೆ ಕಾಲು ಮುರಿದುಕೊಂಡವರೂ ಕೆಲಸ ಕಳೆದುಕೊಂಡವರೂ ಈ ಅವಳಿನಗರದಲ್ಲಿ ಇರುವತನಕ, ಶಾಂತಿಯೊಂದು ಮಾತ್ರ ಅವರ ಬಳಿ ಸುಳಿಯದಿರಲಿ.